ಸಾಲು ಮುಗಿಸಿ ಹೋಗು

ಹಿಮ್ಮಡಿ ಮೇಲೆ ಬಂತು, ಕೆಳಗೆ ಹೋಯಿತು, ಅಲ್ಲೇ ಒಂದು ಗಳಿಗೆ ನಿಂತ ಹಾಗೆ ಮಾಡಿ ಮತ್ತೆ ಮೇಲೆ ಬಂತು, ರುಬ್ಬುವ ಕಲ್ಲು ತಿರುಗಿಸುವ ಮುದುಕಿಯಾದರೂ ಇದಕ್ಕಿಂತ ಚುರುಕಾಗಿರುತ್ತಾಳೆ, ಎಂದು ಮಾರಯ್ಯ ಹಲ್ಲು ಕಚ್ಚಿದ, ಹಲ್ಲು ಕಚ್ಚಿದ್ದು ಬರೀ ಸಿಟ್ಟಿಗಲ್ಲ, ಹೊಟ್ಟೆಯ ಕೆಳಗಿನ ಆ ಭಾರಕ್ಕೂ ಸೇರಿ, ಕಳಸ ಬಿಟ್ಟು ಎರಡು ಕಿಲೋಮೀಟರು ಆಗಿಲ್ಲ, ಆಗಲೇ ಈ ಅವಸ್ಥೆ, ಪಿಕಪ್ಪು ಒಂದನೇ ಗೇರಿನಲ್ಲಿ ಗೊರಗೊರ ಎನ್ನುತ್ತಿದೆ, ಮುಂದೆ ಹತ್ತು ಮಾರು ದೂರದಲ್ಲಿ ಆ ಹುಡುಗಿಯ ಸೈಕಲ್ಲು, ಹುಡುಗಿ ಏನು ಬಂತು, ಮೂವತ್ತು ದಾಟಿರಬೇಕು, ಪ್ರೇಮಲತಾ ಅಂತ ಹೆಸರು, ತರೀಕೆರೆ ಕಡೆ ಯಾವುದೋ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಂತೆ, ಹಳದಿ ಬನಿಯನ್ನು, ಕರಿ ಚಡ್ಡಿ, ಬೆನ್ನ ಮೇಲೆ ಹದಿನೇಳು ಅಂತ ನಂಬರು, ಹದಿನೇಳು ಜನ ಸವಾರರ ಸೈಕಲ್ಲು ಟೂರು, ಎರಡು ದಿನ, ನಿನ್ನೆ ಅತ್ತಿಗುಂಡಿಯಿಂದ ಆಲ್ದೂರು, ಇವತ್ತು ಆಲ್ದೂರಿನಿಂದ ಬಾಳೆಹೊನ್ನೂರು ಕಳಸದ ಮೇಲೆ ಹೊರನಾಡು, ಉಳಿದವರೆಲ್ಲ ಇಷ್ಟು ಹೊತ್ತಿಗೆ ಹೊರನಾಡಿನ ಲಾಡ್ಜಿನ ಅಂಗಳದಲ್ಲಿ ಕಾಲು ಚಾಚಿ ಕೂತಿರುತ್ತಾರೆ, ಇವಳೊಬ್ಬಳು ಇಲ್ಲಿ, ಇವಳ ಹಿಂದೆ ಇವನೊಬ್ಬ — ಬ್ಯಾಗು, ನೀರು, ಪಂಪು, ಪಂಕ್ಚರ್ ಸಾಮಾನು, ಬಾಳೆಹಣ್ಣಿನ ಗೊನೆ ಎಲ್ಲ ಹೇರಿಕೊಂಡು ಮೆರವಣಿಗೆಯ ಬಾಲ ಹಿಡಿದು ಬರುವ ಗಾಡಿಯ ಡ್ರೈವರು. ಅರವತ್ತಾರು ವರ್ಷಕ್ಕೆ ಸಿಕ್ಕ ಕೆಲಸ ಇದು.

ಹಿಂದೆ ಇರುವುದು ಅವನಿಗೆ ಹೊಸದೇನಲ್ಲ, ಮೂವತ್ತೊಂದು ವರ್ಷ ಅವನು ಮಾಡಿದ್ದೇ ಅದು, ದೇವರಾಜ ಗೌಡರ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ, ಬೆಳಿಗ್ಗೆ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಸಾಲು ಗಿಡ ಹಿಡಿಸಿಕೊಟ್ಟರೆ ಮುಗಿಯಿತು, ಆಮೇಲೆ ಮೇಸ್ತ್ರಿಯಾದವನು ಕೂಗಾಡಬಾರದು, ಕೂಗಾಡುವವನು ಮೇಸ್ತ್ರಿಯೇ ಅಲ್ಲ, ಯಾವಳ ಸಾಲು ಹಿಂದೆ ಬೀಳುತ್ತದೋ ಅವಳ ಬೆನ್ನ ಹಿಂದೆ ಹೋಗಿ ಸುಮ್ಮನೆ ನಿಲ್ಲಬೇಕು, ಕೊಡೆಯನ್ನು ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡು, ಎಲೆಯಡಿಕೆ ಜಗಿಯುತ್ತಾ, ತುಟಿ ಪಿಟಕ್ಕೆನ್ನದೆ, ನೀನು ಇದ್ದೀಯ ಅಂತ ಅವಳ ಬೆನ್ನಿಗೆ ಗೊತ್ತಾದರೆ ಸಾಕು, ಆಮೇಲೆ ನೋಡು ಕೈ ಹೇಗೆ ಓಡುತ್ತದೆ, ಬೈದರೆ ತಿರುಗಿ ಬೈಯುತ್ತಾರೆ, ಹೊಡೆದರೆ ಯೂನಿಯನ್ನಿನವರು ಬರುತ್ತಾರೆ, ನಿಂತರೆ ಯಾರು ಏನು ಕೇಳುತ್ತಾರೆ, ನಿಂತಿದ್ದೆ ಅಷ್ಟೆ — ಇವತ್ತು ಬೆಳಿಗ್ಗೆ ಆಲ್ದೂರು ಬಿಟ್ಟಾಗ ಈ ಹದಿನೇಳು ನಂಬರಿನವಳ ಹಿಂದೆ ಗಾಡಿ ಹಾಕಿ ಅವನಿಗೆ ಅದೇ ಸುಖ ತಿರುಗಿ ಬಂದಿತ್ತು, ಎಷ್ಟು ವರ್ಷವಾಗಿತ್ತು ಒಂದು ಬೆನ್ನನ್ನು ಹೀಗೆ ಮುಂದಿಟ್ಟುಕೊಂಡು, ಸ್ವಲ್ಪ ಹತ್ತಿರ ಹೋಗು, ಇಂಜಿನ್ನಿನ ಬಿಸಿ ಅವಳ ಕಾಲಿಗೆ ತಾಗಲಿ, ಸ್ವಲ್ಪ ಹಿಂದೆ ಸರಿ, ಮತ್ತೆ ಹತ್ತಿರ, ಬಾಳೆಹೊನ್ನೂರಿನ ತನಕ ಅದೇ ಆಟ, ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ, ತಿರುಗಿ ನೋಡದವರು ಭಯಪಟ್ಟಿದ್ದಾರೆ ಅಂತಲೇ ಲೆಕ್ಕ, ಅಂದುಕೊಂಡಿದ್ದ. ಈಗ ಎಡಕ್ಕೆ ತೋಟದ ಬೇಲಿಯಾಚೆ ಹೆಂಗಸರು ಹಣ್ಣು ಕೊಯ್ಯುತ್ತಿದ್ದಾರೆ, ಸೀರೆಯ ಮೇಲೆ ಗಂಡಂದಿರ ಹಳೇ ಅಂಗಿ ಹಾಕಿಕೊಂಡು, ಅವರ ಹಿಂದೆ ಒಬ್ಬ ಕೊಡೆ ಊರಿಕೊಂಡು ನಿಂತಿದ್ದಾನೆ, ಮಾರಯ್ಯ ಅವನಿಗೆ ತಲೆಯಾಡಿಸಿದ, ಅವನೂ ತಲೆಯಾಡಿಸಿದ, ಕೊನೆಯ ಸಾಲಿನವಳು ಬಿಸಿಲಿಗೆ ಕೈ ಮರೆ ಮಾಡಿ ಸೈಕಲ್ಲು ನೋಡುತ್ತಾ ನಿಂತಿದ್ದಳು, ಹೋಗಯ್ಯ, ಅವಳ ಹಿಂದೆ ನಿಲ್ಲು ಎಂದು ಹೇಳಬೇಕು ಅನ್ನಿಸಿತು.

ಅಯ್ಯೋ, ಗಾಡಿ ಒಂದು ಹೊಂಡಕ್ಕೆ ಇಳಿದು ಹತ್ತಿದ್ದೇ ತಡ, ಹೊಟ್ಟೆಯ ಕೆಳಗೆ ಸೂಜಿ ಆಡಿಸಿದ ಹಾಗಾಯಿತು, ನಿಲ್ಲಿಸಿ ಒಂದು ಗಿಡದ ಮರೆಗೆ ಹೋಗಿ ಬಂದರೆ ಎರಡು ನಿಮಿಷ, ಅಷ್ಟರಲ್ಲಿ ಇವಳು ಎಷ್ಟು ದೂರ ಹೋದಾಳು, ಮುಂದಿನ ತಿರುವಿಗೂ ಮುಟ್ಟಲಾರಳು, ಆದರೆ ಎರಡು ನಿಮಿಷ ಅಂತಲೇ ನಿನ್ನೆಯೂ ನಿಲ್ಲಿಸಿದ್ದು, ಅತ್ತಿಗುಂಡಿಯಿಂದ ಇಳಿಯುವಾಗ, ಅಷ್ಟರಲ್ಲೇ ಆ ಸರೋಜಮ್ಮ ಒಂದು ಕವಲಿನಲ್ಲಿ ತಪ್ಪು ದಾರಿ ಹಿಡಿದು ಯಾವುದೋ ಎಸ್ಟೇಟಿನ ಗೇಟಿನೊಳಗೆ ಹೋಗಿ, ನಾಯಿಗೆ ಹೆದರಿ ಬಿದ್ದು, ಮಂಡಿ ತಿರುಚಿಕೊಂಡು ಮುಕ್ಕಾಲು ಗಂಟೆ ಚರಂಡಿ ಪಕ್ಕ ಕೂತಿದ್ದರು, ರಿಟೈರಾದ ಹೆಡ್‌ಮಿಸ್ಸು, ಈಗ ಅವರು ಇಲ್ಲೇ ಅವನ ಎಡಗಡೆ ಸೀಟಿನಲ್ಲಿ ಮಂಡಿಯ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತಿದ್ದಾರೆ, ಅವರ ಸೈಕಲ್ಲು ಹಿಂದೆ ಬ್ಯಾಗುಗಳ ಮೇಲೆ ಮಲಗಿದೆ, ಅವರ ಕಣ್ಣು ಮಾತ್ರ ರಸ್ತೆಯ ಮೇಲೆ — ಆ ಹುಡುಗಿ ಮೇಲಿಂದ ಕಣ್ಣು ತೆಗೀಬೇಡಿ ಮಾರಯ್ಯ, ನನ್ನ ಗತಿ ಅವಳಿಗೆ ಬೇಡ ಅಂತ ಬೆಳಿಗ್ಗೆಯಿಂದ ನಾಲ್ಕು ಸಲ ಹೇಳಿದ್ದಾರೆ, ನಿನ್ನೆ ಸಂಜೆ ಆಲ್ದೂರಿನಲ್ಲಿ ಎಲ್ಲರೆದುರು ರಾಜೇಶ್ ಉಗಿದದ್ದನ್ನು ಇವರು ಕುರ್ಚಿಯ ಮೇಲೆ ಕೂತು ನೋಡಿದ್ದರು, ರಾಜೇಶ್ ಅಂದರೆ ಸಣ್ಣ ಗೌಡರು, ದೇವರಾಜ ಗೌಡರ ಮಗ, ಎಸ್ಟೇಟು ಮಾರಿ ಈಗ ಈ ಸೈಕಲ್ಲು ಟೂರು ನಡೆಸುವವರು, ಎತ್ತಿ ಆಡಿಸಿದ ಮಗು, ಅವರು ಎಲ್ಲರೆದುರು ಬೆರಳು ತೋರಿಸಿ, ಮಾರಯ್ಯ, ಕೊನೇ ಸವಾರ ಕಾಲು ಊರಿದ್ರೆ ಮಾತ್ರ ನಿನ್ ಗಾಡಿ ನಿಲ್ಬೇಕು, ಇನ್ನೊಂದ್ಸಲ ನಿಂತ್ರೆ ಕೀ ಅಲ್ಲೇ ಕೊಟ್ಟು ಬಸ್ ಹತ್ತು, ಹಂಗೇ ಆ ರೂಮೂ ಖಾಲಿ ಮಾಡು ಎಂದಿದ್ದರು, ರೂಮು ಅಂದರೆ ಗೌಡರ ಮನೆಯ ಹಿಂದಿನ ಹಳೇ ಗೊಬ್ಬರದ ಕೋಣೆ, ಅವನಿರುವುದು ಅಲ್ಲಿ. ಗಾಜಿನ ಮುಂದೆ ಸಿಕ್ಕಿಸಿದ ಫೋನಿನ ಮ್ಯಾಪಿನಲ್ಲಿ ಗಾಡಿಯ ಚುಕ್ಕಿ ಹರಿಯುತ್ತದೆ, ರಾಜೇಶ್ ಅಲ್ಲಿ ಹೊರನಾಡಿನಲ್ಲಿ ಕೂತೇ ನೋಡುತ್ತಾರೆ, ಹೌದೋ ಅಲ್ಲವೋ ಅಂತ ಈಗಷ್ಟೇ ಪರೀಕ್ಷೆ ಮಾಡಿದ್ದ, ಬ್ರೇಕು ಒತ್ತಿ ಮೂವತ್ತು ಎಣಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು, ಏನಾಯ್ತು ಮಾರಯ್ಯ, ಯಾಕೆ ನಿಂತೆ, ಏನಿಲ್ಲ ಸಣ್ಣ ಗೌಡ್ರೇ, ದನ ಅಡ್ಡ ಬಂತು ಅಂದ. ಸರೋಜಮ್ಮ, ದನ ಎಲ್ಲಿತ್ತು ಎಂದು ಆ ಕಡೆ ಈ ಕಡೆ ನೋಡಿದರು.

ಕಳಸದಲ್ಲೇ ಹೋಗಿ ಬರಬೇಕಿತ್ತು, ಊಟಕ್ಕೆ ಎಲ್ಲರೂ ಅಲ್ಲಿ ಒಂದು ಹೋಟೆಲಿನಲ್ಲಿ ನಿಂತಿದ್ದರು, ಮಾರಯ್ಯ ಹಿಂದಿನ ಟೇಬಲ್ಲಿನಲ್ಲಿ ಸರೋಜಮ್ಮನವರಿಗೆ ಐಸು ತಂದುಕೊಟ್ಟು ಆಗಷ್ಟೇ ಊಟಕ್ಕೆ ಕೂತಿದ್ದ, ಪಾಯಸ ಬೇಡ ಎಂದಾಗ ಸರೋಜಮ್ಮ ಯಾಕೆ ಅಂತ ಕೇಳಿದರು, ಅವನು ಸಕ್ಕರೆ ಕಾಯಿಲೆ ಅಮ್ಮಾ, ಬಿಪಿ ಬೇರೆ, ನೀರಿಳಿಯೋ ಮಾತ್ರೆ ಕೊಟ್ಟವ್ರೆ, ಗಂಟೆಗೊಂದ್ಸಲ ಎದ್ದು ಹೋಗದಿದ್ರೆ ತಡಿಯಾಕಾಗಲ್ಲ ಎಂದು ಹೇಳಿಬಿಟ್ಟ, ಪಕ್ಕದ ಬೆಂಚಿನಲ್ಲಿ ಈ ಹದಿನೇಳು ನಂಬರಿನವಳು ಚಪಾತಿ ಹರಿಯುತ್ತಾ ಇದ್ದಳು, ಕೇಳಿಸಿಕೊಂಡಳು, ಅವಳೇ ಎದ್ದು ಹೋಗಿ ಒಂದು ದೊಡ್ಡ ಲೋಟ ಮಜ್ಜಿಗೆ ತಂದು ಅವನ ಮುಂದಿಟ್ಟಳು, ಬಿಸ್ಲು ಜಾಸ್ತಿ, ಕುಡೀರಿ ಮೇಸ್ತ್ರಿಗಳೇ, ಅದು ಮುಗಿಯುವಷ್ಟರಲ್ಲಿ ಇನ್ನೊಂದು ಲೋಟ, ಆಮೇಲೆ ಕಾಫಿ, ಸಕ್ರೆ ಹಾಕ್ಸಿಲ್ಲ, ಹಾಲು ಮಾತ್ರ ಜಾಸ್ತಿ ಹಾಕ್ಸಿದೀನಿ ಅಂದಳು, ಮೇಸ್ತ್ರಿಗಳೇ ಅಂತ ಎಷ್ಟು ಮರ್ಯಾದೆ, ಇತ್ತೀಚೆಗೆ ಆ ಹೆಸರಿನಲ್ಲಿ ಅವನನ್ನು ಕರೆಯುವವರೇ ಇಲ್ಲ, ಅವನ ಎದೆ ಉಬ್ಬಿತು, ಒಂದು ತೊಟ್ಟು ಬಿಡದೆ ಕುಡಿದ, ಟೀಚರಮ್ಮ ಒಳ್ಳೆ ಮನೆಯವರು ಅಂದ, ಸವಾರರೆಲ್ಲ ಒಬ್ಬೊಬ್ಬರೇ ಹೊರಟರು, ಅವಳು ಹೆಲ್ಮೆಟ್ಟು ಹಾಕಿಕೊಳ್ಳುತ್ತಾ ನಿಧಾನ ಮಾಡಿದಳು, ಸರಿ ಅಂತ ಮಾರಯ್ಯ ಹೋಟೆಲಿನ ಹಿಂದುಗಡೆಗೆ ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ ಸರೋಜಮ್ಮನ ಕೂಗು, ಮಾರಯ್ಯ, ಅವಳು ಹೊರಟಳು, ಬನ್ನಿ ಬನ್ನಿ — ಪಂಚೆಯಾಗಿದ್ದರೆ ಎತ್ತಿ ಕಟ್ಟುತ್ತಿದ್ದ, ಟೂರಿನವರು ಕೊಟ್ಟ ತಿಳಿ ಬಣ್ಣದ ಪ್ಯಾಂಟಿನಲ್ಲೇ ಓಡಿ ಬಂದು ಗಾಡಿ ಹತ್ತಿದ. ಆಗ ಅವಳು ಒಂದೇ ಒಂದು ಸಲ ತಿರುಗಿ ನೋಡಿದ್ದಳು.

ಹೆಬ್ಬಾಳೆ ಸೇತುವೆ, ಬೇಡ, ಕಿವಿ ಮುಚ್ಚಿಕೋ, ಕೆಳಗೆ ಭದ್ರೆ ಬಂಡೆಗಳ ಮೇಲೆ ಸುರಿಯುತ್ತಿದ್ದಾಳೆ, ಜುಳುಜುಳು ಜುಳುಜುಳು, ಸರೋಜಮ್ಮ ಕಿಟಕಿ ಪೂರ್ತಿ ಇಳಿಸಿ, ಆಹಾ, ನೀರಿನ ಸದ್ದು ಕೇಳಿದ್ರೆ ಎಷ್ಟು ಹಾಯಾಗುತ್ತೆ ನೋಡಿ ಎಂದರು, ಇವನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು, ತೊಡೆಗೆ ತೊಡೆ ಒತ್ತಿದರೆ ಕ್ಲಚ್ಚು ಒತ್ತಲು ಆಗುವುದಿಲ್ಲ, ಕ್ಲಚ್ಚು ಒತ್ತಲು ಕಾಲು ಎತ್ತಿದರೆ ಎಲ್ಲ ಬಿಟ್ಟುಹೋಗುತ್ತದೆ ಅನ್ನಿಸುತ್ತದೆ, ಸೇತುವೆಯ ನಡುವೆ ಬಂದಾಗ ಅವಳು ಇನ್ನೂ ನಿಧಾನವಾದಳು, ಬೇಕೆಂದೇ ಮಾಡಿದ ಹಾಗೆ, ಎರಡು ಸಲ ಹಾರನ್ನು ಹೊಡೆದ, ಅವಳು ಕೈ ಎತ್ತಿ ಹೆಬ್ಬೆರಳು ತೋರಿಸಿದಳು, ಎಲ್ಲ ಸರಿಯಾಗಿದೆ ಅಂತ, ಪಾಪ, ಇವಳಿಗೆ ಕಾಲು ನೋವೋ ಏನೋ, ಗಾಡಿ ಹತ್ತು ಅನ್ನೋಣವೇ ಅಮ್ಮಾ ಎಂದು ಸರೋಜಮ್ಮನಿಗೆ ಹೇಳಿದ, ಹತ್ತಿಬಿಟ್ಟರೆ ಬದುಕಿದೆ, ಹಿಂದೆ ಯಾರೂ ಇಲ್ಲ, ಎಲ್ಲಿ ಬೇಕಾದರೂ ನಿಲ್ಲಿಸಬಹುದು, ಸರೋಜಮ್ಮ ನಕ್ಕರು, ಇವಳಿಗಾ ಕಾಲು ನೋವು, ನಿನ್ನೆ ನೀವು ನೋಡಿಲ್ಲ ಮಾರಯ್ಯ, ನಾವಿಬ್ಬರೂ ಹಿಂದೆ ಉಳಿದಿದ್ದೆವು, ಅಷ್ಟು ಗಂಡಸರನ್ನೂ ಬಿಟ್ಟು ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಆಲ್ದೂರು ಮುಟ್ಟಿದ್ದು ಇವಳೇ, ರಾಜ್ಯಮಟ್ಟದಲ್ಲಿ ಓಡಿದವಳಂತೆ, ಇವತ್ತು ಏನಾಗಿದೆಯೋ ಗೊತ್ತಿಲ್ಲ, ಬೆಳಿಗ್ಗೆ ನಿಮ್ಮ ಕಥೆ ಕೇಳಿ ಎದ್ದು ಹೋದಳಲ್ಲ, ಆವಾಗಿಂದ ಹೀಗೇ. ನಿಮ್ಮ ಕಥೆ ಎಂದಾಗ ಮಾರಯ್ಯ ಹಾರನ್ನಿನ ಮೇಲಿಂದ ಕೈ ತೆಗೆದ.

ಕಥೆ, ಯಾವ ಕಥೆ, ಆಲ್ದೂರಿನ ಹೋಂಸ್ಟೇಯ ಅಂಗಳದಲ್ಲಿ ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿದ್ದಾ, ಸಣ್ಣ ಗೌಡರಿಗೆ ನಿನ್ನೆ ಉಗಿದದ್ದು ಜಾಸ್ತಿಯಾಯಿತು ಅನ್ನಿಸಿರಬೇಕು, ಇವ್ನು ನಮ್ಮ ಹಳೇ ಮೇಸ್ತ್ರಿ, ಇವ್ನು ಹಿಂದೆ ನಿಂತ್ರೆ ಹೆಂಗಸ್ರು ಸೊಂಟ ನೆಟ್ಟಗೆ ಮಾಡ್ತಿರ್ಲಿಲ್ಲ, ಮಾರಯ್ಯ, ಆ ಹಾಲ್ಕಾಫಿ ಕಥೆ ಹೇಳು ಎಂದರು, ಅದು ಅವನ ಹಳೇ ಕಥೆ, ಹೇಳಿ ಹೇಳಿ ನುಣ್ಣಗಾದದ್ದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಹೇಳಿದ್ದ, ದೊಡ್ಡ ಗೌಡರಿಗೆ ಹೇಳಿದ್ದ, ಗೌಡರ ಮನೆಗೆ ಬಂದ ನೆಂಟರಿಗೆಲ್ಲ ಹೇಳಿದ್ದ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು — ನಮ್ಮ ಕೂಲಿಯವರ ಲೈನುಮನೆಯಲ್ಲಿ ದ್ಯಾವಮ್ಮ ಅಂತ ಒಬ್ಬಳು, ಹೆತ್ತು ಒಂದೂವರೆ ತಿಂಗಳಿಗೇ ಕೊಯ್ಲಿಗೆ ಬಂದಳು, ಸಾಲಿನ ಕೊನೆಯಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗು ಮಲಗಿಸಿದ್ದಳು, ಮಗು ಕಿರುಚಲು ಶುರು ಮಾಡಿತು, ಇವಳು ಮೇಸ್ತ್ರಿಗಳೇ ಒಂದ್ ಗಳಿಗೆ ಹೋಗ್ ಬತ್ತೀನಿ ಅಂದಳು, ಸಾಲ್ ಮುಗ್ಸಿ ಹೋಗು ಅಂದೆ ನಾನು, ಒಬ್ಬಳನ್ನು ಬಿಟ್ಟರೆ ಎಲ್ಲರೂ ಎದ್ದು ಹೋಗುತ್ತಾರಲ್ಲ, ಅವಳು ಕೊಯ್ದಳು, ಮಗು ಅತ್ತ ಹಾಗೆಲ್ಲ ಇವಳಿಗೆ ಹಾಲು ಸುರಿಯಿತು, ಮೈಮೇಲೆ ಗಂಡನ ನೀಲಿ ಅಂಗಿ, ಎದೆಯ ಮೇಲೆ ಎರಡು ಗುಂಡಗಿನ ಒದ್ದೆ, ನೋಡನೋಡುತ್ತಾ ದೊಡ್ಡದಾಗಿ ಒಂದಕ್ಕೊಂದು ಸೇರಿ ಹೊಟ್ಟೆಯ ತನಕ ಇಳಿಯಿತು, ನಾನು, ಏನ್ ದ್ಯಾವಮ್ಮ, ಕಾಫಿಗೆ ಗಿಡದಲ್ಲೇ ಹಾಲು ಬೆರೆಸ್ತಿದ್ದೀಯಲ್ಲ ಮಾರಾಯ್ತಿ ಅಂದೆ ನೋಡಿ, ಇಡೀ ಸಾಲು ಬಿದ್ದು ಬಿದ್ದು ನಕ್ಕಿತು, ಅವತ್ತಿನಿಂದ ಅವಳ ಹೆಸರೇ ಹಾಲ್ಕಾಫಿ ಆಗಿಹೋಯ್ತು, ಲೈನಿನ ಮಕ್ಕಳೂ ಅವಳನ್ನು ಹಾಗೇ ಕರೆಯುತ್ತಿದ್ದವು. ಅಂಗಳದಲ್ಲಿ ನಾಲ್ಕೈದು ಜನ ನಕ್ಕರು, ಕೆಲವರು ಲೋಟದೊಳಗೆ ನೋಡಿದರು, ಶೂ ಲೇಸು ಕಟ್ಟುತ್ತಿದ್ದ ಈ ಪ್ರೇಮಲತಾ ತಲೆಯೆತ್ತಿ ಯಾವ ಎಸ್ಟೇಟು ಅಂತ ಕೇಳಿದ್ದಳು, ಅವನು ಹೆಸರು ಹೇಳಿದ್ದ, ಎಷ್ಟು ವರ್ಷದ ಹಿಂದೆ ಅಂತ ಕೇಳಿದ್ದಳು, ಅವನು ಮೂವತ್ತನಾಲ್ಕು ಇರಬಹುದು ಅಂದಿದ್ದ. ಅವಳು ಎದ್ದು ಹೋಗಿ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಾ ನಿಂತಳು.

ಇರಲಾರದು, ಆ ಜೋಲಿಯ ಮಗು ಇವಳಾಗಿರಲಾರದು, ಟೀಚರು ಅಂದರೆ ಟೀಚರು, ಲೈನಿನ ಮಗುವಿಗೂ ಈ ಹಳದಿ ಬನಿಯನ್ನಿಗೂ ಎಲ್ಲಿಂದ ಎಲ್ಲಿಗೆ, ಆದರೆ ಎದೆ ಧಸಕ್ಕೆಂದದ್ದು ಸುಳ್ಳಲ್ಲ, ಧಸಕ್ಕೆಂದಾಗ ಕೆಳಗೆ ಒಂದು ಹನಿ, ಒಂದೇ ಒಂದು ಹನಿ ಬಿಟ್ಟುಹೋಯಿತು, ಬಿಸಿಯಾಗಿ, ಇಲ್ಲ, ತಡಿ, ಬೇರೆ ಏನಾದರೂ ಯೋಚಿಸು, ಈ ಏರು ಮುಗಿದರೆ ಇನ್ನೊಂದು ಏರು, ಅದಾದ ಮೇಲೆ ಲಾಡ್ಜು, ನಾಲ್ಕು ಕಿಲೋಮೀಟರು, ಇವಳು ಮಾಮೂಲಿಯಾಗಿ ತುಳಿದರೆ ಇಪ್ಪತ್ತು ನಿಮಿಷ, ಹೀಗೇ ತುಳಿದರೆ ಒಂದು ಗಂಟೆ, ಖಾಲಿ ಬಾಟಲಿ ಕಾಲಡಿಯಲ್ಲೇ ಉರುಳುತ್ತಿದೆ, ಆದರೆ ಪಕ್ಕದಲ್ಲಿ ಹೆಡ್‌ಮಿಸ್ಸು, ಕಣ್ಣು ಮುಚ್ಚಿದ್ದಾರೆ, ನಿದ್ದೆಯೋ ಇಲ್ಲವೋ, ಹೆಂಗಸರ ಮುಂದೆ ಹಾಗೆಲ್ಲ — ಕೇಳಿಬಿಡೋಣ, ಕೇಳುವುದರಲ್ಲಿ ಏನಿದೆ, ಮನುಷ್ಯರು ಮನುಷ್ಯರನ್ನು ಕೇಳದೆ ಇನ್ನಾರನ್ನು ಕೇಳುತ್ತಾರೆ, ಎರಡನೇ ಗೇರು ಹಾಕಿ ಗಾಡಿಯನ್ನು ಅವಳ ಪಕ್ಕಕ್ಕೆ ತಂದ, ಸರೋಜಮ್ಮನ ತೆರೆದ ಬಾಯಿಯ ಮೇಲಿಂದ ಬಗ್ಗಿ ಆ ಕಿಟಕಿಯಾಚೆಗೆ, ಟೀಚರಮ್ಮ, ಒಂದ್ ಗಳಿಗೆ ಕಾಲು ಊರ್ರಿ, ನಾನು ಹೋಗ್ ಬತ್ತೀನಿ ಅಂದ, ಹಾಗೆ ಅಂದ ಮೇಲೆ ಅವನಿಗೇ ಆ ಮಾತು ಎಲ್ಲೋ ಕೇಳಿದ ಹಾಗಾಯಿತು, ಅವಳು ಇತ್ತ ನೋಡಲಿಲ್ಲ, ಉಸಿರೂ ಏರಿರಲಿಲ್ಲ ಅವಳಿಗೆ, ಬೆವರಿನ ಗುರುತೂ ಇರಲಿಲ್ಲ, ಸಾಲು ಮುಗ್ಸಿ ಹೋಗಿ, ಮೇಸ್ತ್ರಿಗಳೇ ಅಂದಳು. ಅವನು ಯಾರ ಮಗಳಮ್ಮಾ ನೀನು ಎಂದು ಕೇಳಿದ, ಕೇಳಬಾರದಿತ್ತು. ಹಾಲ್ಕಾಫಿ ಮಗಳು ಎಂದಳು ಅವಳು, ಗಂಟೆ ಎಷ್ಟು ಎಂದರೆ ಹೇಳುವ ಹಾಗೆ.

ಸರೋಜಮ್ಮ ಎಚ್ಚರಾಗಿ, ಏನಂತೆ, ಯಾವ ಸಾಲು ಎಂದರು, ಏನಿಲ್ಲ ಅಮ್ಮಾ ಎಂದು ಅವನು ಗಾಡಿಯನ್ನು ಮತ್ತೆ ಹಿಂದಕ್ಕೆ ಬಿಟ್ಟ, ಅವಳ ಹಿಂದಕ್ಕೆ, ಅವನ ಜಾಗಕ್ಕೆ, ಕೈ ಸ್ಟೇರಿಂಗಿನ ಮೇಲೆ ಜಾರುತ್ತಿದೆ, ಒಂದು ಸಣ್ಣ ಮಾತಿಗೆ ಇಷ್ಟು ವರ್ಷ ಹಗೆಯೇ, ಯಾರು ಸತ್ತರು, ಯಾರೂ ಸಾಯಲಿಲ್ಲ, ಆ ಮಗು ಬೆಳೆದು ಗುಂಡುಕಲ್ಲಿನ ಹಾಗೆ ಮುಂದೆ ಸೈಕಲ್ಲು ತುಳಿಯುತ್ತಿದೆ, ದ್ಯಾವಮ್ಮ ಏನಾದಳು, ಆ ಕೊಯ್ಲು ಮುಗಿದ ಮೇಲೆ ಗಂಡನನ್ನು ಎಳೆದುಕೊಂಡು ಬೇರೆ ಎಸ್ಟೇಟಿಗೆ ಹೋದಳು, ಅಲ್ಲಿಗೂ ಹೆಸರು ಅವಳಿಗಿಂತ ಮೊದಲೇ ಹೋಗಿತ್ತಂತೆ, ಅದಕ್ಕೆ ನಾನೇನು ಮಾಡಲಿ, ಹೆಸರಿಗೆ ಕಾಲಿದೆಯೇ, ನಾನೇನು ಅವಳನ್ನು ಮುಟ್ಟಿದೆನೇ, ಬೈದೆನೇ, ನಿಂತಿದ್ದೆ ಅಷ್ಟೆ, ಇನ್ನೂ ಇಪ್ಪತ್ತು ಗಿಡ ಉಳಿದಿತ್ತು ಆ ಸಾಲಿನಲ್ಲಿ — ಇಪ್ಪತ್ತು ಅಲ್ಲ, ನಿಜ ಹೇಳು, ಇಲ್ಲಿ ಯಾರೂ ಕೇಳುವವರಿಲ್ಲ, ಸಾಲು ಮುಗಿದಿತ್ತು, ಮುಗಿಸಿ ಅವಳು ಜೋಲಿಯ ಕಡೆ ಹೆಜ್ಜೆ ಹಾಕಿದಾಗ, ಆ ಕಡೆ ಗಿಡದಲ್ಲಿ ಹಣ್ಣು ಬಿಟ್ಟಿದ್ದೀಯ, ತಿರುಗಿ ಬಾ ಎಂದು ಕೊಡೆಯ ತುದಿಯಿಂದ ತೋರಿಸಿದ್ದ, ಹಣ್ಣು ಎಲ್ಲಿತ್ತು, ನಾಲ್ಕೋ ಐದೋ ಹಣ್ಣು, ಅವಳು ತಿರುಗಿ ಬಂದಳು, ಆವಾಗಲೇ ಆ ಮಾತು ಹೇಳಿದ್ದು, ಸಾಲು ನಕ್ಕದ್ದು ಆವಾಗಲೇ, ಕಥೆಯಲ್ಲಿ ಇದನ್ನು ಯಾವತ್ತೂ ಹೇಳಿಲ್ಲ, ಹೇಳಿದರೆ ನಗು ಬರುವುದಿಲ್ಲ, ಅಷ್ಟು ಹೊತ್ತಿಗೆ ಮಗು ಅಳು ನಿಲ್ಲಿಸಿತ್ತು, ಅತ್ತು ಅತ್ತು ದನಿ ಹೋಗಿತ್ತು, ನೋಡು ಮಲಗಿತು ಅಂದೆ, ಅವಳ ಕೈ ಹಣ್ಣು ಬಿಡಿಸುತ್ತಲೇ ಇತ್ತು, ಹಾಲು ಬೆರಳಿಗೂ ತಾಗಿ ಹಣ್ಣು ಕೈಯಲ್ಲಿ ಜಾರುತ್ತಿತ್ತು, ಮಾರನೆಯ ದಿನವೂ ಅದೇ ಅಂಗಿ ಹಾಕಿಕೊಂಡು ಬಂದಳು, ಇನ್ನೊಂದು ಇರಲಿಲ್ಲ, ಒಗೆದರೂ ಹೋಗದ ಎರಡು ಗುಂಡಗಿನ ಕಲೆ. ಆ ಕೊಯ್ಲು ಮುಗಿಯುವ ತನಕ ಅವನು ಅವಳ ಹಿಂದೆ ನಿಂತನೇ ಹೊರತು ಮುಂದೆ ಹೋಗಲಿಲ್ಲ.

ಬಿಟ್ಟುಹೋಯಿತು, ಹೊರನಾಡಿನ ಕೊನೆಯ ಏರಿನಲ್ಲಿ, ಯಾವ ಗದ್ದಲವೂ ಇಲ್ಲದೆ, ಕ್ಲಚ್ಚು ಒತ್ತಲು ಎಡಗಾಲು ಎತ್ತಿದ ಅಷ್ಟೆ, ಮೊದಲು ಬಿಸಿ, ಬಿಸಿಯ ಜೊತೆ ಒಂದು ನಾಚಿಕೆಗೆಟ್ಟ ಸುಖ, ಅಬ್ಬಾ ಎನ್ನಿಸುವಂಥದ್ದು, ಆಮೇಲೆ ಸೀಟು ತಣ್ಣಗಾಗುತ್ತಾ ಬಂತು, ತಿಳಿ ಬಣ್ಣದ ಪ್ಯಾಂಟು ಮುಂದುಗಡೆ ಕಪ್ಪಗಾಗಿ ಮಂಡಿಯ ತನಕ ಇಳಿಯಿತು, ನಿಲ್ಲು ಅಂದರೂ ನಿಲ್ಲಲಿಲ್ಲ, ಸರೋಜಮ್ಮ ಮೂಗು ಎತ್ತಿದರು, ಅವನ ಕಡೆ ನೋಡಿದರು, ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗನ್ನು ಹತ್ತಿರ ಎಳೆದುಕೊಂಡರು, ಮುಂದೆ ಆ ಹಿಮ್ಮಡಿ ಈಗ ಚುರುಕಾಯಿತು, ಹೇಗೆ ಗೊತ್ತಾಯಿತೋ, ಕನ್ನಡಿ ಇತ್ತೇ ಅವಳ ಸೈಕಲ್ಲಿಗೆ, ಇತ್ತು, ಹ್ಯಾಂಡಲ್ಲಿನ ತುದಿಯಲ್ಲಿ ಒಂದು ರೂಪಾಯಿಯಷ್ಟಗಲದ ಕನ್ನಡಿ, ಬೆಳಿಗ್ಗೆ ಅವಳು ಒಂದು ಸಲವೂ ತಿರುಗಿ ನೋಡದೆ ಇದ್ದದ್ದು ಇದಕ್ಕೆ, ಅವಳು ಸೀಟಿನಿಂದ ಎದ್ದು ನಿಂತು ತುಳಿದಳು, ಕೊನೆಯ ಒಂದು ಕಿಲೋಮೀಟರನ್ನು ಗಾಳಿಯ ಹಾಗೆ ಹತ್ತಿದಳು, ಗಾಡಿ ಮೂರನೇ ಗೇರಿಗೆ ಬಂತು ಕಳಸ ಬಿಟ್ಟ ಮೇಲೆ ಮೊದಲ ಸಲ, ಬೇಡ, ಈಗ ನಿಧಾನ ಮಾಡು ತಾಯಿ, ಈಗ ಬೇಕಾದರೆ ಕತ್ತಲಾಗುವ ತನಕ ತುಳಿ, ನಾನು ಹಿಂದೆಯೇ ಇರುತ್ತೇನೆ, ಒಣಗಲಿ. ಲಾಡ್ಜಿನ ಗೇಟು ಕಾಣಿಸಿತು.

ಚಪ್ಪಾಳೆ, ಕೊನೆಯ ಸವಾರನಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವುದು ಈ ಟೂರಿನ ಪದ್ಧತಿಯಂತೆ, ಎರಡು ಸಾಲಾಗಿ ನಿಂತಿದ್ದಾರೆ, ಅವಳು ನಡುವೆ ಹಾದುಹೋದಳು, ಹಿಂದೆ ಗಾಡಿ, ಅವನು ಇಂಜಿನ್ನು ಆರಿಸಿ ಕೂತ, ಕೂತೇ ಇದ್ದ, ಮಾರಯ್ಯ ಬ್ಯಾಗು ಇಳಿಸು, ಸ್ನಾನ ಮಾಡ್ಬೇಕು ಎಲ್ರಿಗೂ ಎಂದು ಯಾರೋ, ಮೊದ್ಲು ಫೋಟೋ, ಮಾರಯ್ಯನೂ ಬರ್ಲಿ, ನಡುವೆ ನಿಲ್ಲಿಸಿ ಎಂದು ಇನ್ಯಾರೋ, ಬತ್ತೀನಿ, ಒಂದ್ ಗಳಿಗೆ, ಕಾಲು ಜೋಮು ಹಿಡಿದೈತೆ ಅಂದ, ಟವೆಲ್ಲು ಎಲ್ಲಿ, ಟವೆಲ್ಲು ಹಿಂದೆ ಬ್ಯಾಗುಗಳ ಕೆಳಗೆ, ನೀರಿನ ಬಾಟಲಿ ಮೈಮೇಲೆ ಸುರಿದುಕೊಂಡು ಬಿದ್ದುಹೋಯಿತು ಅಂದರೆ, ಬಾಟಲಿ ಖಾಲಿ, ಮಜ್ಜಿಗೆ ಎರಡು ಲೋಟ, ಕಾಫಿ ಒಂದು ಲೋಟ, ಸರೋಜಮ್ಮ ಆ ಕಡೆಯಿಂದ ಕುಂಟುತ್ತಾ ಇಳಿದು ಹೋದರು, ಹೋದವರು ರಾಜೇಶನ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ, ಏನು ಹೇಳುತ್ತಿದ್ದಾರೆ, ಇವನ ಕಡೆಯ ಬಾಗಿಲು ಹೊರಗಿನಿಂದ ತೆರೆಯಿತು, ಪ್ರೇಮಲತಾ, ಹೆಲ್ಮೆಟ್ಟು ತೆಗೆದಿದ್ದಾಳೆ, ಹಣೆ ದ್ಯಾವಮ್ಮನದೇ, ಬೆಳಿಗ್ಗೆ ಕಾಣಲಿಲ್ಲವೇ ನಿನಗೆ, ಅವಳು ಬಾಗಿಲು ಪೂರ್ತಿ ಅಗಲಿಸಿ ಹಿಡಿದುಕೊಂಡು, ಮೆಲ್ಲಗೆ, ಮುದುಕರನ್ನು ಬಸ್ಸಿನಿಂದ ಇಳಿಸುವವರ ಹಾಗೆ, ಇಳೀರಿ ಮೇಸ್ತ್ರಿಗಳೇ, ಸಾಲು ಮುಗೀತು ಎಂದಳು. ಇಳಿದ. ಇಳಿಯದೆ ಏನು ಮಾಡುತ್ತಾನೆ, ಎಲ್ಲರ ಕಣ್ಣೂ ಇಲ್ಲೇ ಇದೆ, ಅಷ್ಟರಲ್ಲಿ ಸಣ್ಣ ಗೌಡರು, ಎತ್ತಿ ಆಡಿಸಿದ ಮಗು, ಏನ್ ಮಾರಯ್ಯ, ರೇಡಿಯೇಟರ್ ಸೋರ್ತಾ ಇದ್ಯಲ್ಲ ಎಂದರು, ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು, ಎರಡೂ ಸಾಲು, ಒಬ್ಬನು ಸೈಕಲ್ಲಿನ ಮೇಲೆ ಬಗ್ಗಿ ನಕ್ಕ, ರೇಡಿಯೇಟರ್ ಮಾರಯ್ಯ ಎಂದು ಇನ್ನೊಬ್ಬ ಆಗಲೇ ಅಂದಾಯಿತು, ನಗದೆ ಇದ್ದವಳು ಬಾಗಿಲು ಹಿಡಿದುಕೊಂಡು ನಿಂತವಳೊಬ್ಬಳೇ, ನಗು, ನೀನಾದರೂ ನಗು, ನಕ್ಕರೆ ಲೆಕ್ಕ ಚುಕ್ತಾ ಆಯಿತು ಅಂತ ಹೋಗಿ ಮಲಗುತ್ತೇನೆ, ಅವಳು ನಗುವುದಿಲ್ಲ, ಅವನ ಹಿಂದೆ ಬಂದು ನಿಂತಳು, ಸುಮ್ಮನೆ, ಬೆನ್ನಿಗೆ ಗೊತ್ತಾಗುವ ಹಾಗೆ, ಫೋಟೋಕ್ಕೆ ನಡೆಯಬೇಕು, ಅಂಗಳ ಎಷ್ಟು ಉದ್ದ, ಅವತ್ತು ಸಾಲು ನಕ್ಕಾಗ ದ್ಯಾವಮ್ಮ ಎಲ್ಲಿ ನೋಡುತ್ತಿದ್ದಳು, ನೆಲ ನೋಡಲಿಲ್ಲ ಅವಳು, ಗಿಡ ನೋಡಲಿಲ್ಲ, ಅವನನ್ನೇ ನೋಡುತ್ತಿದ್ದಳು, ಅವನೇ ಅವಳ ಮುಖ ನೋಡದೆ ಬೇರೆಲ್ಲೋ ನೋಡಿದ, ಎಲ್ಲಿ ನೋಡಿದ, ಅಂಗಿ, ಗಂಡನ ನೀಲಿ ಅಂಗಿ, ಎರಡು ಗುಂಡಗಿನ ಒದ್ದೆ, ದೊಡ್ಡದಾಗುತ್ತಿವೆ, ಒಂದಕ್ಕೊಂದು ಹತ್ತಿರ ಬರುತ್ತಿವೆ, ನೀಲಿ ಅಂಗಿ, ಎರಡು ಗುಂಡಗಿನ ಒದ್ದೆ, ನೀಲಿ ಅಂಗಿ